ಬೊಂಬಿನ ಹಿಂದಿನ ತುದಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಸುಳ್ಳೇನಲ್ಲ. ಆದರೆ ನಮ್ಮ ಅತ್ತಿಗೆಗೆ ಭೌತಶಾಸ್ತ್ರ ಹೇಳಿಕೊಡುವ ಕೆಲಸ ಬೇರೆ ಯಾರಿಗಾದರೂ ಬಿದ್ದಿದ್ದರೆ ಅವರ ಕೋಪ ಎಲ್ಲಿರುತ್ತಿತ್ತೋ, ಅದನ್ನೂ ನೋಡಬೇಕಿತ್ತು. ಹಿಟ್ಟು ಕಲಸುತ್ತಾ, ಸೊಪ್ಪು ಬಿಡಿಸುತ್ತಾ, ನಡುನಡುವೆ ನನ್ನ ತಲೆಯ ಹೇನು ನೋಡುತ್ತಾ ಪಾಠ ಕೇಳುವ ಶಿಷ್ಯೆಗೆ ಬಲ, ಭಾರ, ಸಮತೋಲನ ಎಂದೆಲ್ಲ ಹೇಳುವುದು ತಮಾಷೆಯ ಮಾತಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮಾಲೂರಿನ ಅಂಚಿನಲ್ಲಿ ನಮ್ಮ ಮನೆ. ಅಪ್ಪ ಇರಲಿಲ್ಲ. ಅಣ್ಣ ಹೆಂಚಿನ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದ. ನಾನು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕೋಲಾರದ ಕಾಲೇಜಿಗೆ ಹೋಗಿ, ಬಿ.ಎಸ್ಸಿ. ಪಾಠ ಕೇಳಿ, ಮಧ್ಯಾಹ್ನದ ಬಸ್ಸಿಗೆ ವಾಪಸಾಗುತ್ತಿದ್ದೆ. ಅತ್ತಿಗೆ ನಂಗಲಿಯ ಹೆಣ್ಣು. ಆ ಕಡೆ ಮನೆಯೊಳಗೆ ತೆಲುಗು, ಸ್ಕೂಲಿನಲ್ಲಿ ಕನ್ನಡ, ರಸ್ತೆಯಲ್ಲಿ ಲಾರಿಯವರ ಹತ್ತಾರು ಭಾಷೆ. ನಮ್ಮ ಮನೆಯವರಿಗೂ ತೆಲುಗು ಅರ್ಥವಾಗುತ್ತಿತ್ತು, ಆದರೆ ಆಡುತ್ತಿದ್ದದ್ದು ಕನ್ನಡ. ಅತ್ತಿಗೆ ನನಗಿಂತ ಎರಡು ವರ್ಷಕ್ಕೆ ದೊಡ್ಡವರು. ನನ್ನನ್ನು ಅಮ್ಮಣ್ಣಿ ಎಂದು ಕರೆಯುತ್ತಿದ್ದರು, ನಾನು ನೀವು, ತಾವು ಎನ್ನುತ್ತಿದ್ದೆ. ಕೋಪ ಬಂದಾಗ ಮಾತ್ರ ನೀವು ಹೋಗಿ ನೀನು ಬರುತ್ತಿತ್ತು. ಅದನ್ನು ಅವರು ಒಂದು ದಿನವೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಸೊಸೆ ಎಸ್ಸೆಸ್ಸೆಲ್ಸಿ ಪಾಸಾದವಳು ಎನ್ನುವುದು ನಮ್ಮಮ್ಮನಿಗೆ ದೊಡ್ಡ ಹೆಮ್ಮೆ. ಅಮ್ಮನಿಗೆ ಓದು ಬರಹ ಇರಲಿಲ್ಲ, ಆದ್ದರಿಂದ ಪಾಸು ಎಂಬ ಮಾತನ್ನು ಅವಳು ಒಡವೆಯ ಹಾಗೆ ಎಲ್ಲರೆದುರಿಗೂ ತೆಗೆದು ತೋರಿಸುತ್ತಿದ್ದಳು. ಆ ವರ್ಷ ನಮ್ಮ ಬೀದಿಯ ಹೆಂಗಸರ ಸಮಾಜದವರು ಒಂದು ಬಾಲವಾಡಿ ತೆರೆಯುವುದು ಎಂದು ತೀರ್ಮಾನಿಸಿದರು. ಟೀಚರ್ ಆಗುವವರು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಇದೇ ಬೀದಿಯವರಾಗಿರಬೇಕು ಎಂದರು. ಅಮ್ಮ ಸುಮ್ಮನಿರುತ್ತಾಳೆಯೇ? ಸೊಸೆಯನ್ನು ಒಂದು ಮಾತೂ ಕೇಳದೆ ಹೆಸರು ಕೊಟ್ಟು ಬಂದಳು. ಸಂಕ್ರಾಂತಿ ಕಳೆದ ಮೇಲೆ ಶುರು, ಅಷ್ಟರೊಳಗೆ ಮಾರ್ಕ್ಸ್ ಕಾರ್ಡ್ ತೋರಿಸಿದರೆ ಸಾಕು ಎಂದು ಸಮಾಜದವರು ಹೇಳಿದರಂತೆ. ಅಮ್ಮ ಇದನ್ನು ಹೇಳುವಾಗ ಅತ್ತಿಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು. ಜರಡಿ ನಿಂತುಹೋಯಿತು. ಆಮೇಲೆ ಮತ್ತೆ ಆಡತೊಡಗಿತು, ಆದರೆ ಅದರಲ್ಲಿ ಹಿಟ್ಟೇ ಇರಲಿಲ್ಲ.

ಮಧ್ಯಾಹ್ನ ಅಮ್ಮ ಉಂಡು ಒರಗಿದ ಮೇಲೆ ಅತ್ತಿಗೆ ನನ್ನನ್ನು ಬಚ್ಚಲ ಮನೆಯ ಕಟ್ಟೆಗೆ ಕರೆದುಕೊಂಡು ಹೋದರು. ಹೇಳಿದ್ದು ಇಷ್ಟು. ಹೆಣ್ಣು ನೋಡಲು ಹೋದ ದಿನ ನಮ್ಮ ಕಡೆಯವರು ಹುಡುಗಿಗೆ ಓದು ಎಷ್ಟಾಗಿದೆ ಎಂದು ಕೇಳಿದ್ದರು. ಅವರ ಸೋದರಮಾವ, ಎಸ್ಸೆಸ್ಸೆಲ್ಸಿ ಆಗಿದೆ ಎಂದಿದ್ದರು. ಆಗಿತ್ತು, ನಿಜ. ಪರೀಕ್ಷೆ ಬರೆದದ್ದೂ ಆಗಿತ್ತು, ವಿಜ್ಞಾನದಲ್ಲಿ ಹೋಗಿದ್ದೂ ಆಗಿತ್ತು. ಪಾಸೋ ಫೇಲೋ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಅವರಾಗಿ ಹೇಳಲಿಲ್ಲ. ‘ಆಗಿದೆ’ ಎನ್ನುವ ಒಂದು ಮಾತಿನ ಮೇಲೆ ಮದುವೆ ನಡೆದುಹೋಗಿತ್ತು. ಅಣ್ಣನಿಗೂ ಗೊತ್ತಿರಲಿಲ್ಲ.

“ಅತ್ತೆ ಮುಖ ನೋಡೋಕಾಗಲ್ಲ ಅಮ್ಮಣ್ಣಿ,” ಎಂದರು ಅತ್ತಿಗೆ. “ಅಕ್ಟೋಬರ್‌ನಲ್ಲಿ ಮತ್ತೆ ಬರೀಬೋದು. ಸೈನ್ಸ್ ಒಂದು ನೀನು ಹೇಳ್ಕೊಡು. ಪಾಸಾಗ್ಬಿಟ್ರೆ ಆಮೇಲೆ ಅದು ಸುಳ್ಳೇ ಅಲ್ಲ.”

ನನಗೆ ಮೊದಲು ಬಂದದ್ದು ಕೋಪ. ಅವರ ಸೋದರಮಾವನ ಮೇಲೆ, ಅಮ್ಮನ ಡಂಗುರದ ಮೇಲೆ, ಮದುವೆಯಲ್ಲಿ ಹೋಳಿಗೆಗೆ ತುಪ್ಪ ಕಡಿಮೆ ಬಡಿಸಿದ್ದನ್ನೂ ನೆನೆದು ಅದರ ಮೇಲೂ. ಆಮೇಲೆ ಅವರ ಮುಖ ನೋಡಿದೆ. ಹಿಟ್ಟಿಲ್ಲದ ಜರಡಿ ಆಡಿಸಿದ ಕೈಗಳನ್ನು ಮಡಿಲಲ್ಲಿ ಅದುಮಿಕೊಂಡು ಕೂತಿದ್ದರು. ಸರಿ, ಪುಸ್ತಕ ತರುತ್ತೇನೆ ಎಂದೆ.

ಪಾಠ ಶುರುವಾಯಿತು. ಅಮ್ಮ ಮಲಗಿದ್ದಾಳೆ ಎಂದುಕೊಂಡು ನಾವು ಕಟ್ಟೆಯ ಮೇಲೆ ಪುಸ್ತಕ ಹರಡುತ್ತಿದ್ದೆವು. ಒಂದು ದಿನ ಎದ್ದು ಬಂದ ಅಮ್ಮ ನಮ್ಮಿಬ್ಬರನ್ನೂ ಕಂಡು, ಏನೂ ಕೇಳದೆ ಕಾಲು ತೊಳೆದುಕೊಂಡು ಹೋದಳು. ನಾವು ಬದುಕಿದೆವು ಎಂದುಕೊಂಡೆವು. ಎರಡೇ ದಿನದಲ್ಲಿ ಎದುರುಮನೆಯಾಕೆ ನನ್ನನ್ನು ತಡೆದು, ನಿಮ್ಮತ್ತಿಗೆ ನಿನಗೇ ಪಾಠ ಹೇಳಿಕೊಡುತ್ತಾಳಂತೆ, ಬಿ.ಎಸ್ಸಿ.ಗೇ ಹೇಳಿಕೊಡಬೇಕಾದರೆ ಎಷ್ಟು ಓದಿರಬೇಡ ಎಂದಳು. ನನ್ನ ಹೊಟ್ಟೆ ಹೇಗೆ ಉರಿದಿರಬೇಡ! ಮನೆಗೆ ಬಂದು ಹೇಳಿದರೆ ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡರು. ಅಮ್ಮನ ಹೆಮ್ಮೆ ಒಂದು ಗೇಣು ಬೆಳೆದಷ್ಟೂ ಅವರಿಗೆ ಬೀಳುವ ಎತ್ತರವೂ ಒಂದು ಗೇಣು ಹೆಚ್ಚುತ್ತಿತ್ತಲ್ಲ.

ಸಮತೋಲನದ ಪಾಠ ಅವರಿಗೆ ಹಿಡಿಸಲಿಲ್ಲ. ಓಡುವ ಬಸ್ಸಿನ ಬಗ್ಗೆ ಓದಬಹುದು, ಬೀಳುವ ಕಲ್ಲಿನ ಬಗ್ಗೆ ಓದಬಹುದು, ಸುಮ್ಮನೆ ನಿಂತ ಬೀರುವಿನ ಬಗ್ಗೆ ಓದುವುದೇನಿದೆ ಎನ್ನುತ್ತಿದ್ದರು. ನಿಂತಿದೆ ಎಂದರೆ ಅದರ ಮೇಲೆ ಬಲವೇ ಇಲ್ಲ ಎಂದಲ್ಲ, ಎಲ್ಲ ಬಲಗಳೂ ಒಂದಕ್ಕೊಂದು ಸರಿಹೋಗಿ ಮೊತ್ತ ಸೊನ್ನೆಯಾಗಿದೆ ಎಂದು ನಾನು ಹೇಳಿದೆ. ಸೊನ್ನೆ ಎಂದರೆ ಭಾರ ಇಲ್ಲ ಎಂದು ತಾನೇ ಅರ್ಥ ಎಂದು ಕೇಳಿದರು. ಅಲ್ಲ ಎಂದೆ. ಹಾಗಾದರೆ ಸೊನ್ನೆ ಎಂದು ಯಾಕೆ ಬರೆದಿದ್ದಾರೆ ಎಂದರು. ನಾನು ಪುಸ್ತಕ ಮುಚ್ಚಿ, ನಿನ್ನ ಕರ್ಮ ಎಂದು ಎದ್ದು ಹೋದೆ. ಸ್ವಲ್ಪ ಹೊತ್ತಿನಲ್ಲಿ ಕಡಲೆಪುರಿ ಹಿಡಿದುಕೊಂಡು ಬಂದು ಮತ್ತೆ ಕೂರಿಸಿದರು.

ಕೊನೆಗೆ ನೀರಿನ ಕ್ಯಾನಿನ ಚಿತ್ರ ಬರೆದೆ. ನಮ್ಮ ಬೀದಿಯ ನೀರು ಚೌಳು. ಕುಡಿಯುವ ನೀರನ್ನು ಹಿಪ್ಪುನೇರಳೆ ತೋಟದ ಆಚೆಯ ಬಾವಿಯಿಂದ ತರಬೇಕಿತ್ತು. ಹಾಲಿನ ಹಳೆಯ ಕ್ಯಾನಿಗೆ ಹಗ್ಗ ಕಟ್ಟಿ, ಬೊಂಬಿಗೆ ತೂಗುಹಾಕಿ, ಮುಂದೊಂದು ಹೆಗಲು ಹಿಂದೊಂದು ಹೆಗಲು ಕೊಟ್ಟು ಹೊತ್ತು ತರುತ್ತಿದ್ದರು. ಮುಂದೆ ಅಮ್ಮ, ಹಿಂದೆ ಅತ್ತಿಗೆ. ನನಗೆ ಒಂದು ಬಿಂದಿಗೆ. ಬೊಂಬು ಹೊರುವುದಕ್ಕೆ ಅಮ್ಮ ನನ್ನನ್ನು ಸೇರಿಸುತ್ತಿರಲಿಲ್ಲ, ಸಿಟ್ಟಿನಲ್ಲಿ ದಡಬಡ ನಡೆದು ನೀರೆಲ್ಲ ಚೆಲ್ಲುತ್ತೀಯ ಎನ್ನುತ್ತಿದ್ದಳು. ದಿನಾ ಬೊಂಬನ್ನು ಮಗ್ಗುಲು ಬದಲಿಸಿ ಹೊರಬೇಕು ಎನ್ನುವುದು ಅವಳದೇ ಕಟ್ಟಳೆ. ಒಂದೇ ಕಡೆಗೆ ಬಾಗಿಸುತ್ತಾ ಹೋದರೆ ಬೊಂಬು ಹಾಗೇ ಬಾಗಿ ನಿಂತುಬಿಡುತ್ತದೆ ಎನ್ನುತ್ತಿದ್ದಳು.

ಕ್ಯಾನನ್ನು ಬೊಂಬಿನ ಸರಿ ನಡುವೆ ಬರೆದು, ನೋಡಿ, ನಡುವೆ ತೂಗಿದರೆ ಇಬ್ಬರಿಗೂ ಅರ್ಧರ್ಧ ಭಾರ ಎಂದೆ. ಭಾರ ಯಾರ ಹತ್ತಿರಕ್ಕೆ ಸರಿಯುತ್ತದೋ ಅವರ ಹೆಗಲಿಗೆ ಹೆಚ್ಚು ಪಾಲು, ದೂರ ಇದ್ದವರಿಗೆ ಕಡಿಮೆ. ಅತ್ತಿಗೆ ಚಿತ್ರವನ್ನು ತಲೆ ಓರೆ ಮಾಡಿ ನೋಡಿದರು. ಚಿತ್ರ ತಪ್ಪು ಎಂದರು. ಕ್ಯಾನು ಇರುವುದು ಅಲ್ಲಲ್ಲ ಎಂದು ಹಿಂದಿನ ಹೆಗಲಿನ ಹತ್ತಿರ ಬೆರಳಿಟ್ಟರು. ಹಾಗೇಕೆ ಎಂದು ಕೇಳಿದ್ದಕ್ಕೆ, ಅತ್ತೆಗೆ ಸೊಂಟ ನೋವಲ್ಲವಾ ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹಾಳೆ ತಿರುವಿದರು.

ಅವತ್ತು ಸಂಜೆ ಬಿಂದಿಗೆ ಹೊತ್ತು ಅವರ ಹಿಂದೆ ಬರುತ್ತಾ ನೋಡಿದೆ. ಬಾವಿಯಿಂದ ಮನೆಗೆ ದಾರಿ ಇಳಿಜಾರು, ಅಮ್ಮ ಗಿಡ್ಡ. ಹಾಗೇ ಬಿಟ್ಟರೆ ಹಗ್ಗ ಜಾರಿ ಜಾರಿ ಅಮ್ಮನ ಕಡೆಗೇ ಹೋಗಬೇಕು. ಅತ್ತಿಗೆ ಒಂದು ಕೈಯಲ್ಲಿ ಕ್ಯಾನಿನ ಹಿಡಿ ಹಿಡಿದು, ಅದನ್ನು ತಮ್ಮ ಎದೆಯ ಹತ್ತಿರಕ್ಕೇ ಎಳೆದುಕೊಂಡು ನಡೆಯುತ್ತಿದ್ದರು. ಮುಂದೆ ಹೋಗುವ ಅಮ್ಮನಿಗೆ ಹಿಂದಿನದು ಕಾಣುವುದಿಲ್ಲ. ಅವಳು ಬೀದಿಯವರನ್ನು ಮಾತಾಡಿಸಿಕೊಂಡು ಆರಾಮಾಗಿ ನಡೆಯುತ್ತಿದ್ದಳು. ಮದುವೆಯಾಗಿ ಬಂದ ಲಾಗಾಯ್ತು ಹೀಗೇ ನಡೆದಿತ್ತಂತೆ. ನನಗೆ ಆ ಹೊತ್ತು ಅತ್ತಿಗೆಯ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಮನೆ ತಲುಪುವ ತನಕ ಒಂದು ಮಾತೂ ಆಡಲಿಲ್ಲ.

ಮಾರನೇ ದಿನ ಮತ್ತೆ ಜಗಳವಾಡಿದೆವು. ಸ್ಥಿತಿಸ್ಥಾಪಕತ್ವದ ಪಾಠ. ಆ ಪದವನ್ನು ಬಾಯಿಪಾಠ ಮಾಡಿಸುವುದಕ್ಕೇ ಒಂದು ವಾರ ಹಿಡಿಯಿತು. ಎಳೆದರೆ ಉದ್ದವಾಗಿ, ಬಿಟ್ಟರೆ ಮೊದಲಿನ ಸ್ಥಿತಿಗೆ ಮರಳುವ ಗುಣ, ಅಷ್ಟೇ ಎಂದು ಹೇಳಿಕೊಟ್ಟೆ. ಎಲ್ಲ ಅರ್ಥವಾಯಿತು. ಬರೆದು ತೋರಿಸಿ ಎಂದರೆ, ‘ಭಾರವನ್ನು ತೂಗುಹಾಕಿದಾಗ ತಂತಿಯು ಸಾಗುತ್ತದೆ’ ಎಂದು ಬರೆದರು.

ತೆಲುಗಿನಲ್ಲಿ ಸಾಗುವುದೆಂದರೆ ಎಳೆದಂತೆಲ್ಲ ಉದ್ದವಾಗುವುದು. ಕನ್ನಡದಲ್ಲಿ ಸಾಗುವುದೆಂದರೆ ಮುಂದಕ್ಕೆ ಹೋಗುವುದು. ಅತ್ತಿಗೆಗೆ ಚಪಾತಿ ಹಿಟ್ಟು ಸಾಗುತ್ತಿತ್ತು, ಬೆಲ್ಲದ ಪಾಕ ಸಾಗುತ್ತಿತ್ತು, ಚಡ್ಡಿಯ ಎಲಾಸ್ಟಿಕ್ ಸಾಗುತ್ತಿತ್ತು. ಮನೆಯಲ್ಲಿ ನಾವೂ ಅದನ್ನು ಕೇಳಿ ಕೇಳಿ ಒಗ್ಗಿಹೋಗಿದ್ದೆವು. ಆದರೆ ಪೇಪರು ತಿದ್ದುವವರಿಗೆ ಏನು ಗೊತ್ತು? ಅವರು ಮೈಸೂರಿನವರೋ ಧಾರವಾಡದವರೋ. ತಂತಿ ಎಲ್ಲಿಗೆ ಸಾಗುತ್ತೆ, ಶ್ರೀನಿವಾಸಪುರಕ್ಕಾ, ಮಾವಿನಹಣ್ಣು ತರೋಕಾ ಎಂದು ನಾನು ರೇಗಿದೆ. ಪೂರಿ ಜೊತೆ ತಿನ್ನುವ ಸಾಗು ಎಂದುಕೊಂಡು ಸೊನ್ನೆ ಸುತ್ತುತ್ತಾರೆ ಎಂದು ಅಣಕಿಸಿದೆ. ಅತ್ತಿಗೆ ನಗುತ್ತಲೇ, ಮತ್ತೆ ಏನು ಬರೀಲಿ ಎಂದರು. ಹಿಗ್ಗುತ್ತದೆ ಎಂದು ಬರೀರಿ ಎಂದೆ.

ಅವರ ನಗು ನಿಂತಿತು. ಅವರಿಗೆ ಹಿಗ್ಗುವುದು ಎಂದರೆ ಖುಷಿಪಡುವುದು ಮಾತ್ರ. ಕನ್ನಡ ಪಾಠದ ಪದ್ಯಗಳಲ್ಲಿ ತಾಯಂದಿರು ಮಕ್ಕಳನ್ನು ಕಂಡು ಹಿಗ್ಗುತ್ತಿದ್ದರಲ್ಲ, ಅದು.

“ಕೆಳಗೆ ಭಾರ ಕಟ್ಟಿ ಎಳೀತಾ ಇದ್ರೆ ಯಾರಾದ್ರೂ ಹಿಗ್ತಾರಾ ಅಮ್ಮಣ್ಣಿ?” ಎಂದರು.

ಅದು ತಂತಿ, ಅದಕ್ಕೆ ಸುಖ ದುಃಖ ಇಲ್ಲ ಎಂದು ಎಷ್ಟು ಹೇಳಿದರೂ ಆ ವಾಕ್ಯ ಅವರ ಕೈಗೆ ಬರಲಿಲ್ಲ. ಉದ್ದವಾಗುತ್ತದೆ ಎಂದಾದರೂ ಬರೀರಿ ಎಂದು ಗೋಗರೆದೆ. ಬರೆಯುತ್ತೇನೆ ಎಂದರು. ಆದರೆ ಬರೆಯುವ ವೇಗದಲ್ಲಿ ಮತ್ತೆ ತಂತಿ ಸಾಗಿಯೇ ಹೋಗುತ್ತಿತ್ತು. ಹುಟ್ಟಿದ ಮನೆಯ ಮಾತು ಅಷ್ಟು ಬೇಗ ನಾಲಿಗೆ ಬಿಡುವುದಿಲ್ಲ.

ರಬ್ಬರಿಗಿಂತ ಉಕ್ಕಿಗೆ ಸ್ಥಿತಿಸ್ಥಾಪಕತ್ವ ಹೆಚ್ಚು ಎಂದಾಗಂತೂ ಪುಸ್ತಕವೇ ಸುಳ್ಳು ಎಂದುಬಿಟ್ಟರು. ಸುಲಭಕ್ಕೆ ಉದ್ದವಾಗುವುದು ಮುಖ್ಯವಲ್ಲ, ಎಳೆತಕ್ಕೆ ಎಷ್ಟು ಎದುರು ನಿಂತು ತನ್ನ ಆಕಾರ ಉಳಿಸಿಕೊಳ್ಳುತ್ತದೆ ಎನ್ನುವುದು ಮುಖ್ಯ, ಉಕ್ಕು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ ಎಂದು ವಿವರಿಸಿದೆ. ಒಂದು ಗಳಿಗೆ ಯೋಚಿಸಿ, ಹಾಗಾದರೆ ಅತ್ತೆ ಉಕ್ಕು, ನಾನು ರಬ್ಬರು ಎಂದರು. ಈ ಪಾಠ ಮಾತ್ರ ಅವರು ಮತ್ತೆ ಮರೆಯಲಿಲ್ಲ.

ಅಕ್ಟೋಬರಿನಲ್ಲಿ ತವರಿಗೆ ಹೋಗುತ್ತೇನೆ ಎಂದು ಹೇಳಿ ಅತ್ತಿಗೆ ನಂಗಲಿಗೆ ಹೋದರು. ಪರೀಕ್ಷೆಯ ಕೇಂದ್ರ ಮುಳಬಾಗಿಲು, ಅಲ್ಲಿಂದ ಹತ್ತಿರ. ಅಮ್ಮ ಚಕ್ಕುಲಿ ಕಟ್ಟಿಕೊಟ್ಟಳು. ಅವರು ವಾಪಸು ಬಂದ ದಿನ ಬಚ್ಚಲ ಕಟ್ಟೆಯ ಮೇಲೆ ಪ್ರಶ್ನೆಪತ್ರಿಕೆ ಬಿಚ್ಚಿದೆವು. ತಂತಿಯ ಪ್ರಶ್ನೆ ಬಂದಿತ್ತು. ಏನು ಬರೆದಿರಿ ಎಂದು ಕೇಳುವ ಮೊದಲೇ ಅವರ ಮುಖ ಹೇಳಿತು. ಸಾಗುತ್ತದೆ ಎಂದೇ ಬರೆದಿದ್ದರು, ಮನೆಗೆ ಬರುವ ಬಸ್ಸಿನಲ್ಲಿ ನೆನಪಾಗಿತ್ತು. ಇಷ್ಟೆಲ್ಲ ಆದ ಮೇಲೂ ನನಗೆ ರೇಗಲು ಮನಸ್ಸು ಬರಲಿಲ್ಲ. ಉಳಿದದ್ದೆಲ್ಲ ಚೆನ್ನಾಗಿ ಬರೆದಿದ್ದೀರಿ, ಆಗುತ್ತೆ ಬಿಡಿ ಎಂದೆ.

ಚಳಿ ಶುರುವಾದ ಮೇಲೆ ಒಂದು ದಿನ ಫಲಿತಾಂಶ ಬಂದಿದೆ ಎಂದು ತಿಳಿಯಿತು. ಕಾಲೇಜು ಬಿಟ್ಟು ಕೋಲಾರದಿಂದ ಮುಳಬಾಗಿಲಿನ ಬಸ್ಸು ಹತ್ತಿದೆ. ಸ್ಕೂಲಿನ ಬೋರ್ಡಿನಲ್ಲಿ ನಂಬರು ಹುಡುಕಿದೆ. ಅವರ ಹಿಂದಿನ ನಂಬರು ಇತ್ತು, ಮುಂದಿನ ನಂಬರು ಇತ್ತು, ಅವರದಿರಲಿಲ್ಲ. ಮೇಲಿನಿಂದ ಕೆಳಗೆ ಮತ್ತೆ ನೋಡಿದೆ. ಜವಾನ ಬಂದು, ಎಷ್ಟು ಸಾರಿ ನೋಡಿದರೂ ಅಷ್ಟೇ ಕಣಮ್ಮ ಎಂದ. ಅವನ ಮೇಲೆ ಹರಿಹಾಯ್ದೆ. ಪಾಪ, ಅವನದೇನು ತಪ್ಪು? ಆಮೇಲೆ ಮಾರ್ಕ್ಸ್ ಕಾರ್ಡ್ ಬಂದಾಗ ನೋಡಿದರೆ ಸ್ವಲ್ಪದರಲ್ಲೇ ಹೋಗಿತ್ತು. ಆ ಒಂದು ಪದವೇ ಮುಳುವಾಯಿತೋ ಬೇರೆ ಏನಾದರೂ ತಪ್ಪಾಗಿತ್ತೋ, ಇವತ್ತಿಗೂ ಗೊತ್ತಿಲ್ಲ. ಆ ಪೇಪರು ತಿದ್ದಿದವರು ಯಾರೋ, ಅವರ ಮೇಲಿನ ಸಿಟ್ಟು ಮಾತ್ರ ನನಗಿನ್ನೂ ಇಳಿದಿಲ್ಲ.

ಮಾಲೂರಿಗೆ ಬಂದಾಗ ಸಂಜೆಯ ಬಿಸಿಲು ಇತ್ತು. ಮನೆಗೆ ಬೀಗ. ನೀರಿಗೆ ಹೋಗಿದ್ದಾರೆ ಎಂದು ನೇರ ಬಾವಿಯ ಕಡೆ ನಡೆದೆ. ಕ್ಯಾನು ತುಂಬಿತ್ತು, ಬೊಂಬು ಹಗ್ಗದೊಳಗೆ ತೂರಿತ್ತು, ಇಬ್ಬರೂ ಇನ್ನೇನು ಎತ್ತುವುದರಲ್ಲಿದ್ದರು. ಅತ್ತಿಗೆ ನನ್ನನ್ನು ಕಂಡರು. ನಾನು ತಲೆ ಆಡಿಸಿದೆ, ಇಲ್ಲ ಎಂದು. ಅಷ್ಟೇ. ಮುಂದಿನದನ್ನು ಹೇಗೆ ಮುಚ್ಚುವುದು, ಸಮಾಜದವರಿಗೆ ಏನು ಸಬೂಬು ಹೇಳುವುದು ಎಂದು ನಾನು ಬಸ್ಸಿನಲ್ಲೇ ಯೋಚಿಸಿಕೊಂಡು ಬಂದಿದ್ದೆ. ಕಾರ್ಡು ಕಳೆದುಹೋಯಿತು ಎನ್ನಬಹುದಿತ್ತು, ನೆಂದುಹೋಯಿತು ಎನ್ನಬಹುದಿತ್ತು.

ಅತ್ತಿಗೆ ಬೊಂಬಿನಿಂದ ಕೈ ತೆಗೆದರು. ಅಮ್ಮನ ಮುಂದೆ ಬಂದು ನಿಂತರು.

“ಅತ್ತೆ, ನಾನು ಪಾಸಾಗಿಲ್ಲ. ಮದುವೆಗೆ ಮುಂಚೇನೂ ಆಗಿರ್ಲಿಲ್ಲ, ಈಗ್ಲೂ ಆಗಿಲ್ಲ. ನಿಮ್ಮ ಹತ್ರ ಹೇಳೋಕೆ ಭಯ ಆಯ್ತು.”

ಅಮ್ಮ ಅವರನ್ನೂ ನೋಡಿದಳು, ನನ್ನನ್ನೂ ನೋಡಿದಳು. ಕಟ್ಟೆಯ ಮೇಲಿನ ಪಾಠ ಯಾರಿಗೆ ಎನ್ನುವುದು ಅವಳಿಗೆ ಆಗ ಹೊಳೆದಿರಬೇಕು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎರಡು ವರ್ಷ ನನ್ನ ಬಾಯಲ್ಲಿ ಊರಿಗೆಲ್ಲ ಸುಳ್ಳು ಹೇಳಿಸಿದಿರಲ್ಲ ಎಂದು ಮೆಲ್ಲಗೆ ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತಿಗೆ ಅಳಲಿಲ್ಲ, ಅಲುಗಲೂ ಇಲ್ಲ, ಹಾಗೇ ನಿಂತಿದ್ದರು. ಬೀರುವಿನ ಮೇಲೆ ಎಷ್ಟೆಷ್ಟು ಬಲ ಇರುತ್ತದೆ ಎಂದು ನಾನು ಅವರಿಗೆ ಹೇಳಿಕೊಟ್ಟಿದ್ದೆನಲ್ಲ, ನನಗೆ ಅದು ಅರ್ಥವಾದದ್ದು ಆ ಹೊತ್ತಿನಲ್ಲಿ.

ಹೊತ್ತಾಯಿತು, ನೀರು ಹೊರೋಣ ಎಂದಳು ಅಮ್ಮ. ಬೊಂಬನ್ನು ಎಂದಿನಂತೆ ಮಗ್ಗುಲು ಬದಲಿಸಿದಳು. ಅತ್ತಿಗೆ ಅಭ್ಯಾಸದಂತೆ ಹಿಂದಿನ ತುದಿಗೆ ಹೋದರು. ಅಮ್ಮ ಅವರ ಕೈ ಹಿಡಿದು ಸರಿಸಿದಳು.

“ಇವತ್ತು ನೀನು ಮುಂದೆ ನಡಿ.”

ಬೇಡ ಅತ್ತೆ, ಸೊಂಟ ಎಂದು ಅತ್ತಿಗೆ ಏನೋ ಹೇಳಹೊರಟರು.

“ನಡಿಯೇ ಅಂದೆ. ಎರಡು ವರ್ಷದಿಂದ ಭಾರ ನೀನೇ ಎಳ್ಕೊಂಡು ಬರ್ತಾ ಇದ್ದೀಯ. ಕಣ್ಣಿಗೆ ಕಾಣದೇ ಇದ್ರೆ ನನ್ನ ಹೆಗಲಿಗೂ ಗೊತ್ತಾಗಲ್ವಾ?”

ಇಬ್ಬರೂ ಎತ್ತಿದರು. ಅತ್ತಿಗೆ ಮುಂದೆ, ಅಮ್ಮ ಹಿಂದೆ. ಇಳಿಜಾರಿನಲ್ಲಿ ಕ್ಯಾನು ಮುಂದಕ್ಕೆ ಜಾರತೊಡಗಿದ್ದೇ ತಡ, ಅಮ್ಮ ಕೈ ಚಾಚಿ ಹಿಡಿ ಹಿಡಿದು, ಅದನ್ನು ತನ್ನ ಎದೆಯ ಹತ್ತಿರಕ್ಕೆ ಎಳೆದುಕೊಂಡಳು. ಮುಂದೆ ಹೋಗುತ್ತಿದ್ದ ಅತ್ತಿಗೆಗೆ ಅದು ಕಾಣುವಂತಿರಲಿಲ್ಲ. ಹೆಗಲಿಗೆ ಗೊತ್ತಾಗಿರಬೇಕು. ಹಿಪ್ಪುನೇರಳೆ ತೋಟ ದಾಟುವ ತನಕ ಅವರ ಬೆನ್ನು ಬಿಕ್ಕುತ್ತಿತ್ತು, ಕ್ಯಾನಿನ ನೀರು ತುಳುಕುತ್ತಿತ್ತು, ನೀರು ಚೆಲ್ಲಬೇಡ ಎಂದು ಅಮ್ಮ ಅವತ್ತು ಅನ್ನಲಿಲ್ಲ.

ಎದುರುಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು. ಮಾರ್ಕ್ಸ್ ಕಾರ್ಡ್ ಬಂತಾ ಎಂದು ಕೇಳಿದಳು. ಅಮ್ಮ ನಡಿಗೆ ನಿಲ್ಲಿಸಲಿಲ್ಲ.

“ಇಲ್ಲ ಕಣಮ್ಮ, ಇನ್ನೊಂದ್ಸಲ ಬರೀಬೇಕು,” ಎಂದಳು. “ಸೈನ್ಸ್ ಒಂದು ಉಳ್ಕೊಂಡಿದೆ ನಮಗೆ.”